ಮಾರ್ಕ್ ಬ್ಲಾಕ್

ಮಾರ್ಕ್ ಲೆಯೊಪೋಲ್ಡ್ ಬೆಂಜಮಿನ್ ಬ್ಲಾಕ್ (ಜುಲೈ 6, 1886 – ಜೂನ್ 16, 1944) ಫ್ರಾನ್ಸ್ ದೇಶದ ಇತಿಹಾಸಕಾರರು. ಮಧ್ಯಯುಗದ ಯೂರೋಪಿನ ಊಳಿಗಮಾನ್ಯ ವ್ಯವಸ್ಥೆ ಹಾಗೂ ಫ್ರಾನ್ಸಿನ ಗ್ರಾಮೀಣ ಬದುಕಿನ ಬಗ್ಗೆ ನಡೆಸಿದ ಸಂಶೋಧನೆಗಳಿಗಾಗಿ ಹೆಸರಾದವರು. ಲೂಸಿಯಾನ್ ಫೆವ್ರ್ ಅವರೊಂದಿಗೆ ಸೇರಿ 1929ರಲ್ಲಿ 'ಅನಾಲ್' ಎಂಬ ವಿದ್ವತ್ಪತ್ರಿಕೆಯನ್ನು ಸ್ಥಾಪಿಸಿದರು. ರಾಜರು, ಯುದ್ಧಗಳು ಮತ್ತು ಒಪ್ಪಂದಗಳ ವೃತ್ತಾಂತಕ್ಕೆ ಸೀಮಿತವಾಗಿದ್ದ ಇತಿಹಾಸವನ್ನು ಸಾಮಾನ್ಯ ಜನರ ದುಡಿಮೆ, ನಂಬಿಕೆ, ಉಪಕರಣ ಮತ್ತು ಜೀವನಕ್ರಮಗಳ ಕಡೆಗೆ ತಿರುಗಿಸಿದ ಪತ್ರಿಕೆಗಳಲ್ಲಿ ಇದು ಪ್ರಮುಖವಾದುದು. ಈ ಪತ್ರಿಕೆಯ ಸುತ್ತ ಬೆಳೆದ ಇತಿಹಾಸಕಾರರ ಬಳಗವನ್ನು ಅನಾಲ್ ಪಂಥ ಎಂದು ಕರೆಯಲಾಗುತ್ತದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಯೆಹೂದಿ ಎಂಬ ಕಾರಣಕ್ಕೆ ಬ್ಲಾಕ್ ತಾವೇ ಕಟ್ಟಿದ ಪತ್ರಿಕೆಯಿಂದ ತಮ್ಮ ಹೆಸರನ್ನು ತೆಗೆಯಬೇಕಾಯಿತು. ಮುಂದೆ ಫ್ರಾನ್ಸಿನ ಪ್ರತಿರೋಧ ಚಳವಳಿಗೆ ಸೇರಿದ ಅವರನ್ನು ಜರ್ಮನ್ ರಹಸ್ಯ ಪೊಲೀಸರು ಬಂಧಿಸಿ 1944ರಲ್ಲಿ ಗುಂಡಿಕ್ಕಿ ಕೊಂದರು.

ಕುಟುಂಬ ಮತ್ತು ಬಾಲ್ಯ

ಬ್ಲಾಕ್ ಅವರು ಫ್ರಾನ್ಸಿನ ಲಿಯಾನ್ ನಗರದಲ್ಲಿ ಜನಿಸಿದರು. ತಂದೆ ಗುಸ್ತಾವ್ ಬ್ಲಾಕ್ ಪ್ರಾಚೀನ ರೋಮ್ ಇತಿಹಾಸದ ವಿದ್ವಾಂಸರು, ತಾಯಿ ಸಾರಾ. ಅಣ್ಣ ಲೂಯಿ ವೈದ್ಯರಾದರು. ಕುಟುಂಬದ ಮೂಲ ಫ್ರಾನ್ಸ್ ಮತ್ತು ಜರ್ಮನಿಯ ಗಡಿಯಲ್ಲಿರುವ ಆಲ್ಸಾಸ್ ಪ್ರಾಂತ. ಅವರ ಮುತ್ತಜ್ಜ 1793ರಲ್ಲಿ ಫ್ರೆಂಚ್ ಕ್ರಾಂತಿಯ ಸೇನೆಯಲ್ಲಿ ಹೋರಾಡಿದ್ದರು. ತಂದೆ 1870ರ ಯುದ್ಧದಲ್ಲಿ ಸ್ಟ್ರಾಸ್‌ಬರ್ಗ್ ನಗರದ ರಕ್ಷಣೆಯಲ್ಲಿ ಪಾಲ್ಗೊಂಡಿದ್ದರು. ಆ ಯುದ್ಧದಲ್ಲಿ ಫ್ರಾನ್ಸ್ ಸೋತು ಆಲ್ಸಾಸ್ ಜರ್ಮನಿಯ ವಶವಾಯಿತು. ಫ್ರಾನ್ಸಿನ ಗಣರಾಜ್ಯವು ಯೆಹೂದಿಗಳಿಗೆ ಸಮಾನ ಪೌರತ್ವ ನೀಡಿದೆ ಎಂಬ ನಂಬಿಕೆ ಈ ಮನೆತನದಲ್ಲಿ ಆಳವಾಗಿತ್ತು. ಬ್ಲಾಕ್ ಧಾರ್ಮಿಕ ಆಚರಣೆಗಳನ್ನು ಪಾಲಿಸುತ್ತಿರಲಿಲ್ಲ. ಹಾಗೆಂದು ತಮ್ಮ ಹುಟ್ಟನ್ನು ಎಂದೂ ಮುಚ್ಚಿಡಲಿಲ್ಲ.

ತಂದೆಗೆ ಪ್ಯಾರಿಸ್‌ನ ಎಕೋಲ್ ನಾರ್ಮಾಲ್ ಸುಪೀರಿಯರ್ ವಿದ್ಯಾಸಂಸ್ಥೆಯಲ್ಲಿ ಹುದ್ದೆ ದೊರೆತಾಗ ಕುಟುಂಬ ಪ್ಯಾರಿಸ್‌ಗೆ ಬಂದು ನೆಲೆಸಿತು. ಬ್ಲಾಕ್ ಅವರ ಬಾಲ್ಯ ಮತ್ತು ಹದಿಹರೆಯದ ವರ್ಷಗಳಲ್ಲಿ ದೇಶವನ್ನು ಕಲಕಿದ ಘಟನೆ ಡ್ರೈಫಸ್ ಪ್ರಕರಣ. ಯೆಹೂದಿ ಸೇನಾಧಿಕಾರಿ ಆಲ್ಫ್ರೆಡ್ ಡ್ರೈಫಸ್ ಅವರನ್ನು ದೇಶದ್ರೋಹದ ಸುಳ್ಳು ಆರೋಪದ ಮೇಲೆ 1894ರಲ್ಲಿ ಶಿಕ್ಷಿಸಲಾಯಿತು. 1906ರಲ್ಲಿ ಅವರು ನಿರ್ದೋಷಿ ಎಂದು ತೀರ್ಮಾನವಾಯಿತು. ನಕಲಿ ದಾಖಲೆ ಮತ್ತು ಸುಳ್ಳು ಸಾಕ್ಷ್ಯಗಳು ಇಡೀ ದೇಶವನ್ನು ಹೇಗೆ ದಾರಿ ತಪ್ಪಿಸಬಲ್ಲವು ಎಂಬುದನ್ನು ಆ ತಲೆಮಾರು ಕಣ್ಣಾರೆ ಕಂಡಿತು. ಸಾಕ್ಷ್ಯಗಳನ್ನು ಪರೀಕ್ಷಿಸುವ ಬಗೆಯ ಕುರಿತು ಬ್ಲಾಕ್ ಅವರಿಗಿದ್ದ ಜೀವನಪೂರ್ತಿಯ ಆಸಕ್ತಿಗೆ ಇದೂ ಒಂದು ಹಿನ್ನೆಲೆ.

ವಿದ್ಯಾಭ್ಯಾಸ

ಪ್ಯಾರಿಸ್‌ನ ಲೂಯಿ ಲ ಗ್ರಾಂ ಪ್ರೌಢಶಾಲೆಯಲ್ಲಿ ಓದಿದ ಬ್ಲಾಕ್ 1904ರಲ್ಲಿ ಎಕೋಲ್ ನಾರ್ಮಾಲ್ ಪ್ರವೇಶಿಸಿದರು. 1908ರಲ್ಲಿ ಇತಿಹಾಸ ಮತ್ತು ಭೂಗೋಳದ ಅಧ್ಯಾಪಕ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಅನಂತರ ಒಂದು ವರ್ಷ ಜರ್ಮನಿಯ ಬರ್ಲಿನ್ ಮತ್ತು ಲೈಪ್‌ಜಿಗ್ ವಿಶ್ವವಿದ್ಯಾಲಯಗಳಲ್ಲಿ ಅಧ್ಯಯನ ಮಾಡಿದರು. ಆರ್ಥಿಕ ಇತಿಹಾಸದಲ್ಲಿ ಆ ದೇಶದಲ್ಲಿ ನಡೆಯುತ್ತಿದ್ದ ಕೆಲಸಗಳ ಪರಿಚಯ ಅವರಿಗಾದದ್ದು ಆಗಲೇ. 1909ರಿಂದ 1912ರವರೆಗೆ ತಿಯೇರ್ ಪ್ರತಿಷ್ಠಾನದ ಸಂಶೋಧಕರಾಗಿದ್ದು, ಪ್ಯಾರಿಸ್ ಸುತ್ತಲಿನ ಪ್ರದೇಶದ ಭೂದಾಸ ರೈತರ ಬಗ್ಗೆ ಸಂಶೋಧನೆ ಆರಂಭಿಸಿದರು.

ಆ ಕಾಲದ ಫ್ರಾನ್ಸಿನಲ್ಲಿ ಇತಿಹಾಸ ಎಂದರೆ ಬಹುಮಟ್ಟಿಗೆ ರಾಜಕೀಯ ಘಟನೆಗಳ ಕಾಲಾನುಕ್ರಮ ವಿವರಣೆಯಾಗಿತ್ತು. ಇದನ್ನು ಪ್ರಶ್ನಿಸಿದವರಲ್ಲಿ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ ಮತ್ತು ಭೂಗೋಳಶಾಸ್ತ್ರಜ್ಞ ಪಾಲ್ ವಿದಾಲ್ ದ ಲಾ ಬ್ಲಾಶ್ ಪ್ರಮುಖರು. ಡರ್ಕೈಮ್ ನಡೆಸುತ್ತಿದ್ದ ಸಮಾಜಶಾಸ್ತ್ರದ ಪತ್ರಿಕೆ, ವಿದಾಲ್ ಸ್ಥಾಪಿಸಿದ್ದ ಭೂಗೋಳದ ಪತ್ರಿಕೆ ಹಾಗೂ ಆಂರಿ ಬೆರ್ 1900ರಲ್ಲಿ ಆರಂಭಿಸಿದ 'ಐತಿಹಾಸಿಕ ಸಮನ್ವಯ ಪತ್ರಿಕೆ' ಯುವ ವಿದ್ವಾಂಸರ ಮೇಲೆ ಗಾಢ ಪ್ರಭಾವ ಬೀರಿದವು. ಪುಸ್ತಕಕ್ಕಿಂತ ಬೇಗ ಓದುಗರನ್ನು ತಲುಪುವ, ಚರ್ಚೆಗೆ ಎಡೆಮಾಡಿಕೊಡುವ ಪತ್ರಿಕೆಯೊಂದು ಇಡೀ ಶಾಸ್ತ್ರದ ದಿಕ್ಕನ್ನು ಬದಲಿಸಬಲ್ಲದು ಎಂಬುದಕ್ಕೆ ಇವು ಉದಾಹರಣೆಗಳಾಗಿದ್ದವು. ಪ್ಯಾರಿಸ್ ಸುತ್ತಲಿನ ಪ್ರದೇಶದ ಕುರಿತ ಬ್ಲಾಕ್ ಅವರ ಮೊದಲ ದೊಡ್ಡ ಬರಹ ಪ್ರಕಟವಾದದ್ದು ಬೆರ್ ಅವರ ಪತ್ರಿಕೆಯಲ್ಲಿಯೇ. 1912ರಿಂದ 1914ರವರೆಗೆ ಅವರು ಮೋಂಪೆಲಿಯೆ ಮತ್ತು ಆಮಿಯಾಂ ಪಟ್ಟಣಗಳ ಪ್ರೌಢಶಾಲೆಗಳಲ್ಲಿ ಅಧ್ಯಾಪಕರಾಗಿದ್ದರು.

ಮೊದಲ ಮಹಾಯುದ್ಧ

1914ರ ಆಗಸ್ಟ್‌ನಲ್ಲಿ ಯುದ್ಧ ಆರಂಭವಾದಾಗ ಬ್ಲಾಕ್ ಕಾಲಾಳು ಪಡೆಯಲ್ಲಿ ಸಾರ್ಜೆಂಟ್ ಆಗಿ ಸೇವೆಗೆ ಸೇರಿದರು. ಮಾರ್ನ್ ನದಿ ತೀರದ ಕದನದಲ್ಲಿ ಹೋರಾಡಿದರು. 1915ರ ಆರಂಭದಲ್ಲಿ ಟೈಫಾಯ್ಡ್ ಜ್ವರಕ್ಕೆ ತುತ್ತಾಗಿ, ಚೇತರಿಸಿಕೊಂಡ ನಂತರ ಮತ್ತೆ ಯುದ್ಧರಂಗಕ್ಕೆ ಮರಳಿದರು. ಯುದ್ಧ ಮುಗಿಯುವ ವೇಳೆಗೆ ಕ್ಯಾಪ್ಟನ್ ಪದವಿಗೆ ಏರಿದ್ದರು. ಅವರ ಶೌರ್ಯಕ್ಕೆ ನಾಲ್ಕು ಪ್ರಶಂಸಾಪತ್ರಗಳು ಹಾಗೂ ಲೀಜನ್ ಆಫ್ ಆನರ್ ಗೌರವ ಸಂದವು.

ಕಂದಕಗಳಲ್ಲಿ ಕಳೆದ ವರ್ಷಗಳು ಅವರ ಇತಿಹಾಸದೃಷ್ಟಿಯನ್ನೂ ರೂಪಿಸಿದವು. ಸರ್ಕಾರದ ನಿರ್ಬಂಧದಿಂದಾಗಿ ಸೈನಿಕರು ಮುದ್ರಿತ ಸುದ್ದಿಯನ್ನು ನಂಬುವುದನ್ನೇ ಬಿಟ್ಟಿದ್ದರು. ಅಡುಗೆಯ ಸಾಮಗ್ರಿ ತರುವವರು, ಸಂದೇಶವಾಹಕರು ಬಾಯಿಂದ ಬಾಯಿಗೆ ಒಯ್ದ ವದಂತಿಗಳೇ ಅಲ್ಲಿ ಸತ್ಯವೆನಿಸಿಕೊಳ್ಳುತ್ತಿದ್ದವು. ಅಚ್ಚಿನ ಯಂತ್ರ ಬರುವುದಕ್ಕೆ ಮೊದಲಿನ ಸಮಾಜದ ಸ್ಥಿತಿ ಹೀಗೆ ಇಪ್ಪತ್ತನೇ ಶತಮಾನದಲ್ಲಿ ಮರುಕಳಿಸಿದ್ದನ್ನು ಬ್ಲಾಕ್ ಗಮನಿಸಿದರು. ಯುದ್ಧಕಾಲದ ಸುಳ್ಳು ಸುದ್ದಿಗಳ ಕುರಿತು ಅವರು 1921ರಲ್ಲಿ ಪ್ರಕಟಿಸಿದ ಲೇಖನ ಇದನ್ನು ವಿವರಿಸುತ್ತದೆ. ಅವರ ಪ್ರಕಾರ ಸುಳ್ಳು ಸುದ್ದಿಯನ್ನು ತಳ್ಳಿಹಾಕಿದರೆ ಇತಿಹಾಸಕಾರನ ಕೆಲಸ ಮುಗಿಯುವುದಿಲ್ಲ. ಜನರು ಅದನ್ನು ಏಕೆ ನಂಬಿದರು ಎಂದು ಕೇಳಿದರೆ ಆ ಸುಳ್ಳೇ ಸಮಾಜದ ಮನಸ್ಸನ್ನು ತೋರಿಸುವ ದಾಖಲೆಯಾಗುತ್ತದೆ.

ಸ್ಟ್ರಾಸ್‌ಬರ್ಗ್ ವರ್ಷಗಳು

ಯುದ್ಧದಲ್ಲಿ ಜರ್ಮನಿ ಸೋತ ಬಳಿಕ ಆಲ್ಸಾಸ್ ಪ್ರಾಂತ ಫ್ರಾನ್ಸಿಗೆ ಮರಳಿತು. ಸ್ಟ್ರಾಸ್‌ಬರ್ಗ್‌ನಲ್ಲಿ 1919ರಲ್ಲಿ ಫ್ರೆಂಚ್ ವಿಶ್ವವಿದ್ಯಾಲಯ ಪುನರಾರಂಭಗೊಂಡಾಗ ಬ್ಲಾಕ್ ಅಲ್ಲಿ ಮಧ್ಯಯುಗದ ಇತಿಹಾಸದ ಬೋಧಕರಾಗಿ ನೇಮಕಗೊಂಡರು. ಅದೇ ವರ್ಷ ಸಿಮೋನ್ ವಿದಾಲ್ ಅವರನ್ನು ವಿವಾಹವಾದರು. ದಂಪತಿಗೆ ಆರು ಮಂದಿ ಮಕ್ಕಳು. ಸಿಮೋನ್ ಪತಿಯ ವಿದ್ವತ್ಕಾರ್ಯದಲ್ಲಿ ಸಹಾಯಕರೂ ಆಗಿದ್ದರು.

ಹೊಸ ವಿಶ್ವವಿದ್ಯಾಲಯದಲ್ಲಿ ಬೇರೆ ಬೇರೆ ವಿಭಾಗಗಳ ಪ್ರಾಧ್ಯಾಪಕರು ಶನಿವಾರದ ಸಭೆಗಳಲ್ಲಿ ಒಟ್ಟುಗೂಡಿ ಹೊಸ ಪುಸ್ತಕಗಳನ್ನು ಚರ್ಚಿಸುತ್ತಿದ್ದರು. ಸಮಾಜಶಾಸ್ತ್ರಜ್ಞ ಮೊರೀಸ್ ಹಾಲ್ಬ್‌ವಾಕ್ಸ್ ಮತ್ತು ಮನಶ್ಶಾಸ್ತ್ರಜ್ಞ ಶಾರ್ಲ್ ಬ್ಲೊಂಡೆಲ್ ಈ ಬಳಗದಲ್ಲಿದ್ದರು. ಬ್ಲಾಕ್ ಅವರ ಬದುಕಿನ ದೃಷ್ಟಿಯಿಂದ ಅತಿ ಮುಖ್ಯವಾದ ಭೇಟಿ ಲೂಸಿಯಾನ್ ಫೆವ್ರ್ ಅವರದು. ಹದಿನಾರನೇ ಶತಮಾನದ ಇತಿಹಾಸದಲ್ಲಿ ಪರಿಣತರಾಗಿದ್ದ ಫೆವ್ರ್ ಬ್ಲಾಕ್ ಅವರಿಗಿಂತ ಎಂಟು ವರ್ಷ ಹಿರಿಯರು. ಇಬ್ಬರ ಕೊಠಡಿಗಳು ಅಕ್ಕಪಕ್ಕದಲ್ಲಿದ್ದವು. ಫೆವ್ರ್ ಮಾತು ಮತ್ತು ಬರವಣಿಗೆ ಎರಡರಲ್ಲೂ ಆವೇಶದವರು. ಬ್ಲಾಕ್ ಮಿತಭಾಷಿ, ನಿಖರತೆಯಲ್ಲಿ ಕಟ್ಟುನಿಟ್ಟು. ಸ್ವಭಾವದಲ್ಲಿ ಭಿನ್ನರಾದರೂ ಇತಿಹಾಸವು ಇತರ ಸಮಾಜವಿಜ್ಞಾನಗಳೊಡನೆ ಬೆರೆಯಬೇಕೆಂಬ ವಿಚಾರದಲ್ಲಿ ಇಬ್ಬರದೂ ಒಂದೇ ನಿಲುವು.

1924ರಲ್ಲಿ ಬ್ಲಾಕ್ 'ಪವಾಡಶಕ್ತಿಯ ರಾಜರು' ಎಂಬ ಕೃತಿಯನ್ನು ಪ್ರಕಟಿಸಿದರು. ರಾಜನು ಮುಟ್ಟಿದರೆ ಗಂಡಮಾಲೆ ರೋಗ ವಾಸಿಯಾಗುತ್ತದೆ ಎಂಬ ನಂಬಿಕೆ ಫ್ರಾನ್ಸ್ ಮತ್ತು ಇಂಗ್ಲೆಂಡಿನಲ್ಲಿ ಶತಮಾನಗಳ ಕಾಲ ಉಳಿದಿತ್ತು. ಫ್ರಾನ್ಸಿನಲ್ಲಿ ಈ ಆಚರಣೆ ಕೊನೆಯ ಬಾರಿಗೆ ನಡೆದದ್ದು 1825ರಲ್ಲಿ, ಹತ್ತನೇ ಚಾರ್ಲ್ಸ್‌ನ ಪಟ್ಟಾಭಿಷೇಕದ ಸಂದರ್ಭದಲ್ಲಿ. ರೋಗ ನಿಜವಾಗಿ ವಾಸಿಯಾಗದಿದ್ದರೂ ನಂಬಿಕೆ ಹೇಗೆ ಬಾಳಿತು ಎಂಬುದನ್ನು ಈ ಕೃತಿ ವೈದ್ಯಕೀಯ, ಧಾರ್ಮಿಕ ಮತ್ತು ರಾಜಕೀಯ ಮೂಲಗಳ ನೆರವಿನಿಂದ ಪರಿಶೀಲಿಸುತ್ತದೆ. ಜನರ ಮನೋಭಾವಗಳ ಇತಿಹಾಸ ಎಂಬ ಅಧ್ಯಯನಶಾಖೆಯ ಆರಂಭದ ಕೃತಿಗಳಲ್ಲಿ ಇದನ್ನು ಎಣಿಸಲಾಗುತ್ತದೆ.

ಅನಾಲ್ ಪತ್ರಿಕೆಯ ಸ್ಥಾಪನೆ

ಯುದ್ಧಕ್ಕೆ ಮೊದಲು ಆರ್ಥಿಕ ಮತ್ತು ಸಾಮಾಜಿಕ ಇತಿಹಾಸಕ್ಕೆ ಮೀಸಲಾಗಿದ್ದ ಅಂತರರಾಷ್ಟ್ರೀಯ ಮಟ್ಟದ ಪ್ರಮುಖ ಪತ್ರಿಕೆ ಜರ್ಮನ್ ಭಾಷೆಯಲ್ಲಿ 1903ರಿಂದ ಬರುತ್ತಿದ್ದ ತ್ರೈಮಾಸಿಕವಾಗಿತ್ತು. ಯುದ್ಧದ ಕಹಿಯಿಂದಾಗಿ ಫ್ರೆಂಚ್ ಮತ್ತು ಬೆಲ್ಜಿಯನ್ ವಿದ್ವಾಂಸರಿಗೆ ಅದರೊಡನೆ ಇದ್ದ ಸಂಬಂಧ ಕಡಿದುಹೋಯಿತು. ಹೊಸ ಅಂತರರಾಷ್ಟ್ರೀಯ ಪತ್ರಿಕೆಯೊಂದನ್ನು ಹೊರತರುವ ಆಲೋಚನೆ ಬ್ಲಾಕ್ ಮತ್ತು ಫೆವ್ರ್ ಅವರಿಗೆ 1920ರ ದಶಕದ ಆರಂಭದಲ್ಲೇ ಬಂದಿತ್ತು. ಬೆಲ್ಜಿಯಂನ ಪ್ರಸಿದ್ಧ ಇತಿಹಾಸಕಾರ ಆಂರಿ ಪಿರೆನ್ ಅವರೇ ಅದರ ನಿರ್ದೇಶಕರಾಗಬೇಕೆಂದು ಇಬ್ಬರೂ ಬಯಸಿದರು. ಪಿರೆನ್ ಸಲಹೆ ಮತ್ತು ಬೆಂಬಲ ನೀಡಿದರೂ ಹೊಣೆ ವಹಿಸಿಕೊಳ್ಳಲಿಲ್ಲ. ಯೋಜನೆ ಹಲವು ವರ್ಷ ನೆನೆಗುದಿಗೆ ಬಿತ್ತು.

1928ರಲ್ಲಿ ಬ್ಲಾಕ್ ಅದಕ್ಕೆ ಮತ್ತೆ ಚಾಲನೆ ಕೊಟ್ಟರು. ಈ ಬಾರಿ ಯೋಜನೆಯನ್ನು ಸರಳಗೊಳಿಸಿ, ಫ್ರಾನ್ಸಿನಲ್ಲೇ ಸಂಪಾದನೆಗೊಳ್ಳುವ, ಆದರೆ ಇತರ ದೇಶಗಳ ಲೇಖಕರನ್ನೂ ಒಳಗೊಳ್ಳುವ ಪತ್ರಿಕೆಯನ್ನಾಗಿ ರೂಪಿಸಲಾಯಿತು. ಪ್ಯಾರಿಸ್‌ನ ಅರ್ಮಾಂ ಕೋಲಾಂ ಪ್ರಕಾಶನ ಸಂಸ್ಥೆ ಪ್ರಕಟಣೆಗೆ ಒಪ್ಪಿತು. 1929ರ ಜನವರಿ 15ರಂದು 'ಆರ್ಥಿಕ ಮತ್ತು ಸಾಮಾಜಿಕ ಇತಿಹಾಸದ ಅನಾಲ್' ಎಂಬರ್ಥದ ಹೆಸರಿನಲ್ಲಿ ಮೊದಲ ಸಂಚಿಕೆ ಹೊರಬಂದಿತು. ಅನಾಲ್ ಎಂಬ ಫ್ರೆಂಚ್ ಪದಕ್ಕೆ ವರ್ಷವರ್ಷದ ವೃತ್ತಾಂತ ಎಂದರ್ಥ. ಬ್ಲಾಕ್ ಮತ್ತು ಫೆವ್ರ್ ಇಬ್ಬರೂ ಸಮಾನ ಅಧಿಕಾರದ ನಿರ್ದೇಶಕರಾಗಿದ್ದರು.

ಸಂಪಾದಕ ಮಂಡಳಿಯ ರಚನೆಯೇ ಪತ್ರಿಕೆಯ ಉದ್ದೇಶವನ್ನು ತಿಳಿಸುವಂತಿತ್ತು. ಪಿರೆನ್, ಆಂರಿ ಓಜೆ ಮೊದಲಾದ ಇತಿಹಾಸಕಾರರ ಜೊತೆಗೆ ಭೂಗೋಳಶಾಸ್ತ್ರಜ್ಞ ಆಲ್ಬೆರ್ ದಮಾಂಜೋಂ, ಸಮಾಜಶಾಸ್ತ್ರಜ್ಞ ಹಾಲ್ಬ್‌ವಾಕ್ಸ್, ಅರ್ಥಶಾಸ್ತ್ರಜ್ಞ ಶಾರ್ಲ್ ರಿಸ್ಟ್, ರಾಜ್ಯಶಾಸ್ತ್ರಜ್ಞ ಆಂದ್ರೆ ಸೀಗ್‌ಫ್ರೀಡ್ ಅದರಲ್ಲಿದ್ದರು. ಇತಿಹಾಸಕಾರರು ಒಂದೆಡೆ, ವರ್ತಮಾನದ ಸಮಾಜವನ್ನು ಅಧ್ಯಯನ ಮಾಡುವವರು ಇನ್ನೊಂದೆಡೆ ಪರಸ್ಪರ ಪರಿಚಯವಿಲ್ಲದೆ ಕೆಲಸ ಮಾಡುತ್ತಿದ್ದಾರೆ. ನಡುವಿನ ಗೋಡೆಗಳನ್ನು ಕೆಡವಬೇಕು ಎಂಬುದು ಮೊದಲ ಸಂಚಿಕೆಯಲ್ಲಿ ಸಂಪಾದಕರು ಓದುಗರ ಮುಂದಿಟ್ಟ ನಿಲುವು.

ಪತ್ರಿಕೆಯ ಸ್ವರೂಪ ಮತ್ತು ಬ್ಲಾಕ್ ಅವರ ಬರಹಗಳು

ಮೊದಲ ಸಂಚಿಕೆಯಲ್ಲಿ ಪ್ರಾಚೀನ ಗ್ರೀಸಿನ ಪಪೈರಸ್ ಬೆಲೆಯ ಕುರಿತು ಗುಸ್ತಾವ್ ಗ್ಲೋಟ್ಸ್ ಅವರ ಲೇಖನವೂ ಮಧ್ಯಯುಗದ ವರ್ತಕರ ಶಿಕ್ಷಣದ ಕುರಿತು ಪಿರೆನ್ ಅವರ ಲೇಖನವೂ ಇದ್ದವು. ಪ್ರಾಚೀನ ಕಾಲದಿಂದ ಸಮಕಾಲೀನ ಬ್ಯಾಂಕಿಂಗ್ ಬಿಕ್ಕಟ್ಟಿನವರೆಗೆ ಎಲ್ಲ ಕಾಲಘಟ್ಟಗಳಿಗೂ ಪತ್ರಿಕೆಯಲ್ಲಿ ಸ್ಥಾನವಿತ್ತು. ಜರ್ಮನಿಯಲ್ಲಿ ನಾಜಿವಾದ ಬೇರೂರಿದ ಬಗೆಯನ್ನು ಸಾಮಾನ್ಯ ಜನರ ಬದುಕಿನ ಮಟ್ಟದಲ್ಲಿ ವಿಶ್ಲೇಷಿಸಿದ ಲೂಸಿ ವಾರ್ಗಾ ಅವರ ಲೇಖನ 1937ರಲ್ಲಿ ಇದರಲ್ಲಿ ಪ್ರಕಟವಾಯಿತು.

ಪತ್ರಿಕೆ ಲೇಖನಗಳನ್ನು ಪ್ರಕಟಿಸುವುದರ ಜೊತೆಗೆ ಸಾಮೂಹಿಕ ಸಂಶೋಧನೆಗಳನ್ನೂ ಸಂಘಟಿಸಿತು. ಹಳ್ಳಿಗಳ ಹಳೆಯ ಜಮೀನು ನಕ್ಷೆಗಳು ಎಲ್ಲಿವೆ, ಅವುಗಳನ್ನು ಓದುವುದು ಹೇಗೆ ಎಂಬ ವಿಚಾರಣೆಯನ್ನು ಬ್ಲಾಕ್ ಮೊದಲ ವರ್ಷದಲ್ಲೇ ಆರಂಭಿಸಿದರು. ಕಂದಾಯ ದಾಖಲೆ ಎಂದು ಮೂಲೆಗೆ ಬಿದ್ದಿದ್ದ ನಕ್ಷೆಗಳು ಹೀಗೆ ಇತಿಹಾಸದ ಆಕರಗಳಾದವು. ಇದೇ ಚಿಂತನೆಯ ಫಲ 1931ರಲ್ಲಿ ಪ್ರಕಟವಾದ ಫ್ರಾನ್ಸಿನ ಗ್ರಾಮೀಣ ಇತಿಹಾಸದ ಮೂಲಲಕ್ಷಣಗಳ ಕುರಿತ ಗ್ರಂಥ. ನಾರ್ವೆಯ ಓಸ್ಲೋ ನಗರದಲ್ಲಿ ನೀಡಿದ ಉಪನ್ಯಾಸಗಳು ಇದಕ್ಕೆ ಆಧಾರ. ಉತ್ತರ ಫ್ರಾನ್ಸಿನ ಗಾಲಿಯುಳ್ಳ ಭಾರದ ನೇಗಿಲನ್ನು ತಿರುಗಿಸುವುದು ಕಷ್ಟವಾದ್ದರಿಂದ ಅಲ್ಲಿನ ಹೊಲಗಳು ಉದ್ದನೆಯ ಪಟ್ಟಿಗಳಂತಿವೆ. ದಕ್ಷಿಣದ ಹಗುರ ನೇಗಿಲಿನ ಪ್ರದೇಶದಲ್ಲಿ ಹೊಲಗಳ ಆಕಾರ ಅನಿಯಮಿತ. ಆದರೆ ಉಪಕರಣವೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ, ಹಳ್ಳಿಯ ಸಾಮೂಹಿಕ ಕಟ್ಟುಪಾಡುಗಳೂ ಅಷ್ಟೇ ಮುಖ್ಯ ಎಂದು ಬ್ಲಾಕ್ ವಾದಿಸಿದರು. ಇತ್ತೀಚಿನ, ಸ್ಪಷ್ಟವಾಗಿ ತಿಳಿದಿರುವ ಸ್ಥಿತಿಯಿಂದ ಆರಂಭಿಸಿ ಹಂತಹಂತವಾಗಿ ಹಿಂದಿನ ಕಾಲಕ್ಕೆ ಸಾಗುವ ವಿಧಾನವನ್ನು ಅವರು ಇಲ್ಲಿ ಬಳಸಿದರು.

1935ರಲ್ಲಿ ಪತ್ರಿಕೆ ತಂತ್ರಜ್ಞಾನದ ಇತಿಹಾಸಕ್ಕೆ ವಿಶೇಷ ಸಂಚಿಕೆಯನ್ನು ಮೀಸಲಿಟ್ಟಿತು. ಅದರಲ್ಲಿ ನೀರಿನಿಂದ ತಿರುಗುವ ಗಿರಣಿಯ ಬಗ್ಗೆ ಬ್ಲಾಕ್ ಬರೆದ ಲೇಖನ ಪ್ರಸಿದ್ಧವಾಗಿದೆ. ಈ ಯಂತ್ರ ರೋಮನ್ನರಿಗೆ ತಿಳಿದಿತ್ತಾದರೂ ವ್ಯಾಪಕವಾಗಿ ಹರಡಿದ್ದು ಮಧ್ಯಯುಗದಲ್ಲಿ. ಗುಲಾಮರ ದುಡಿಮೆ ಹೇರಳವಾಗಿದ್ದಾಗ ಯಂತ್ರದ ಅಗತ್ಯ ಕಾಣಲಿಲ್ಲ. ಗುಲಾಮರ ಸಂಖ್ಯೆ ಇಳಿದಾಗ ಯಂತ್ರಕ್ಕೆ ಬೇಡಿಕೆ ಬಂತು ಎಂಬುದು ಅವರ ವಾದ. ಭೂಮಾಲೀಕರು ತಮ್ಮ ಗಿರಣಿಯಲ್ಲೇ ಶುಲ್ಕ ಕೊಟ್ಟು ಹಿಟ್ಟು ಮಾಡಿಸಬೇಕೆಂದು ರೈತರನ್ನು ಒತ್ತಾಯಿಸಿದರು. ಮನೆಯ ಬೀಸುವ ಕಲ್ಲುಗಳನ್ನು ಕಿತ್ತುಕೊಂಡರು. ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಮಠದಲ್ಲಿ ಹೀಗೆ ವಶಪಡಿಸಿಕೊಂಡ ಕಲ್ಲುಗಳನ್ನು ನೆಲಹಾಸಾಗಿ ಹಾಕಲಾಗಿತ್ತು. 1381ರ ರೈತ ದಂಗೆಯಲ್ಲಿ ಜನರು ಮಠಕ್ಕೆ ನುಗ್ಗಿ ಆ ಕಲ್ಲುಗಳನ್ನು ಕಿತ್ತು ಒಡೆದು ಹಂಚಿಕೊಂಡರು. ಅಡುಗೆಮನೆಯ ಒಂದು ಉಪಕರಣದ ಮೂಲಕ ಸಮಾಜದ ಅಧಿಕಾರ ಸಂಬಂಧಗಳನ್ನು ವಿವರಿಸುವ ಈ ಬರಹ ಪತ್ರಿಕೆಯ ಧೋರಣೆಗೆ ಮಾದರಿಯಾಯಿತು.

ಪುಸ್ತಕ ವಿಮರ್ಶೆಗಳು ಪತ್ರಿಕೆಯ ಇನ್ನೊಂದು ಮುಖ್ಯ ಭಾಗ. ಬ್ಲಾಕ್ ಹಲವು ಭಾಷೆಗಳ ಪ್ರಕಟಣೆಗಳನ್ನು ಓದಿ ನೂರಾರು ವಿಮರ್ಶೆಗಳನ್ನು ಬರೆದರು. ಇತಿಹಾಸ ಬರವಣಿಗೆಯಲ್ಲಿ ಹೊಸ ಪ್ರಶ್ನೆಗಳನ್ನು ಕೇಳದೆ ಕೇವಲ ವಿವರಗಳನ್ನು ಗುಡ್ಡೆಹಾಕುವ ಕೃತಿಗಳನ್ನು ಅವರು ಕಟುವಾಗಿ ಟೀಕಿಸುತ್ತಿದ್ದರು.

ಪ್ಯಾರಿಸ್‌ಗೆ ಮರಳಿಕೆ

ಫೆವ್ರ್ 1933ರಲ್ಲಿ ಕೊಲೇಜ್ ದ ಫ್ರಾನ್ಸ್ ಸಂಸ್ಥೆಗೆ ಆಯ್ಕೆಯಾಗಿ ಪ್ಯಾರಿಸ್‌ಗೆ ತೆರಳಿದರು. ಅನಂತರ ಇಬ್ಬರು ನಿರ್ದೇಶಕರೂ ಪತ್ರಗಳ ಮೂಲಕ ಪತ್ರಿಕೆಯನ್ನು ನಡೆಸಬೇಕಾಯಿತು. ಲೇಖನಗಳ ಆಯ್ಕೆ, ವಿಮರ್ಶೆಗಳ ಉದ್ದ, ಯುವ ಲೇಖಕರಿಗೆ ನೀಡಬೇಕಾದ ಅವಕಾಶ ಮುಂತಾದ ವಿಚಾರಗಳಲ್ಲಿ ಇಬ್ಬರ ನಡುವೆ ಭಿನ್ನಾಭಿಪ್ರಾಯಗಳು ಮೂಡುತ್ತಿದ್ದವು. ಅನೇಕ ದಶಕಗಳ ನಂತರ ಮೂರು ಸಂಪುಟಗಳಲ್ಲಿ ಪ್ರಕಟವಾದ ಈ ಪತ್ರವ್ಯವಹಾರವು ಅವರ ಸ್ನೇಹದ ಆಳವನ್ನೂ ಅದರ ಬಿರುಕುಗಳನ್ನೂ ತೋರಿಸುತ್ತದೆ.

ಕೊಲೇಜ್ ದ ಫ್ರಾನ್ಸ್ ಸೇರಲು ಬ್ಲಾಕ್ ಮಾಡಿದ ಪ್ರಯತ್ನಗಳು ಫಲಿಸಲಿಲ್ಲ. 1936ರಲ್ಲಿ ಅವರು ಆಂರಿ ಓಜೆ ಅವರ ಉತ್ತರಾಧಿಕಾರಿಯಾಗಿ ಸೊರ್ಬೋನ್‌ನಲ್ಲಿ ಆರ್ಥಿಕ ಇತಿಹಾಸದ ಪ್ರಾಧ್ಯಾಪಕರಾದರು. ಅವರ ಅತಿ ಪ್ರಸಿದ್ಧ ಗ್ರಂಥ 'ಊಳಿಗಮಾನ್ಯ ಸಮಾಜ' 1939 ಮತ್ತು 1940ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. ಇದೇ ವೇಳೆಗೆ ಪತ್ರಿಕೆಯ ನಿರ್ದೇಶಕರು ಅರ್ಮಾಂ ಕೋಲಾಂ ಸಂಸ್ಥೆಯಿಂದ ಬೇರ್ಪಟ್ಟು 1939ರಿಂದ ತಾವೇ ಒಡೆಯರಾಗಿ 'ಸಾಮಾಜಿಕ ಇತಿಹಾಸದ ಅನಾಲ್' ಎಂಬ ಹೊಸ ಹೆಸರಿನಲ್ಲಿ ಪತ್ರಿಕೆಯನ್ನು ಮುಂದುವರಿಸಿದರು. ಈ ಸ್ವಾತಂತ್ರ್ಯವೇ ಎರಡು ವರ್ಷಗಳ ಬಳಿಕ ಬಿಕ್ಕಟ್ಟಿಗೆ ಕಾರಣವಾಯಿತು.

ಎರಡನೇ ಮಹಾಯುದ್ಧ

1939ರಲ್ಲಿ ಯುದ್ಧ ಘೋಷಣೆಯಾದಾಗ ಬ್ಲಾಕ್ ಅವರಿಗೆ 53 ವರ್ಷ. ವಯಸ್ಸು ಮತ್ತು ಆರು ಮಕ್ಕಳ ಕಾರಣದಿಂದ ವಿನಾಯಿತಿ ಪಡೆಯಬಹುದಾಗಿದ್ದರೂ ಅವರು ಸೇನೆಗೆ ಮರಳಿದರು. ಫ್ರಾನ್ಸಿನ ಮೊದಲ ಸೇನೆಯ ಇಂಧನ ಪೂರೈಕೆಯ ಹೊಣೆ ಅವರದಾಗಿತ್ತು. 1940ರ ಮೇ ತಿಂಗಳಲ್ಲಿ ಜರ್ಮನ್ ದಾಳಿಯ ಎದುರು ಸೇನೆ ಕುಸಿದಾಗ ಡಂಕರ್ಕ್ ಬಂದರಿನ ಮೂಲಕ ಇಂಗ್ಲೆಂಡಿಗೆ ದಾಟಿ, ತಕ್ಷಣವೇ ಫ್ರಾನ್ಸಿಗೆ ಹಿಂದಿರುಗಿದರು. ಜರ್ಮನ್ನರು ರೆನ್ ನಗರವನ್ನು ಪ್ರವೇಶಿಸಿದಾಗ ಸಮವಸ್ತ್ರ ಕಳಚಿ ಸಾಮಾನ್ಯ ನಾಗರಿಕನ ವೇಷದಲ್ಲಿ ಸೆರೆಯಿಂದ ತಪ್ಪಿಸಿಕೊಂಡರು.

ಅದೇ ವರ್ಷ ಜುಲೈಯಿಂದ ಸೆಪ್ಟೆಂಬರ್‌ವರೆಗೆ, ಕ್ರೂಜ್ ಪ್ರದೇಶದ ಫೂಜೇರ್ ಎಂಬ ಹಳ್ಳಿಯ ತಮ್ಮ ಮನೆಯಲ್ಲಿ ಕುಳಿತು 'ವಿಚಿತ್ರ ಸೋಲು' ಎಂಬ ಕೃತಿಯನ್ನು ಬರೆದರು. ಸೇನಾ ನಾಯಕತ್ವ ಹಳೆಯ ಯುದ್ಧದ ವೇಗದಲ್ಲೇ ಯೋಚಿಸುತ್ತಿತ್ತು ಎಂದು ಅದರಲ್ಲಿ ವಿಶ್ಲೇಷಿಸಿದ ಅವರು, ಆಳುವ ವರ್ಗ, ಕಾರ್ಮಿಕ ಸಂಘಗಳು ಹಾಗೂ ತಮ್ಮನ್ನೂ ಒಳಗೊಂಡ ಬುದ್ಧಿಜೀವಿಗಳು ಕರ್ತವ್ಯಚ್ಯುತರಾದದ್ದನ್ನು ಪ್ರಾಮಾಣಿಕವಾಗಿ ಪರಿಶೀಲಿಸಿದರು. ಬಚ್ಚಿಡಲಾಗಿದ್ದ ಈ ಹಸ್ತಪ್ರತಿ ಅವರ ಮರಣಾನಂತರ 1946ರಲ್ಲಿ ಪ್ರಕಟವಾಯಿತು.

ಪತ್ರಿಕೆಯ ಉಳಿವಿನ ಪ್ರಶ್ನೆ

ಸೋಲಿನ ಬಳಿಕ ದೇಶದ ಉತ್ತರ ಭಾಗ ಜರ್ಮನ್ ಆಡಳಿತಕ್ಕೆ ಒಳಪಟ್ಟಿತು. ದಕ್ಷಿಣದಲ್ಲಿ ವಿಶಿ ಪಟ್ಟಣವನ್ನು ಕೇಂದ್ರವಾಗಿಸಿಕೊಂಡು ಜರ್ಮನಿಯೊಡನೆ ಸಹಕರಿಸುವ ಸರ್ಕಾರ ಸ್ಥಾಪನೆಯಾಯಿತು. 1940ರ ಅಕ್ಟೋಬರ್ 3ರ ಕಾನೂನು ಯೆಹೂದಿಗಳನ್ನು ಸರ್ಕಾರಿ ಹುದ್ದೆಗಳಿಂದಲೂ ಬೋಧನೆಯಿಂದಲೂ ಹೊರಹಾಕಿತು. ವಿಶೇಷ ವಿದ್ವತ್ಸೇವೆಯ ಆಧಾರದ ಮೇಲೆ ವಿನಾಯಿತಿ ಪಡೆದ ಕೆಲವೇ ಪ್ರಾಧ್ಯಾಪಕರಲ್ಲಿ ಬ್ಲಾಕ್ ಒಬ್ಬರು. ಅವರು ದಕ್ಷಿಣದ ಕ್ಲೆರ್ಮೋಂ ಫೆರಾಂ ನಗರಕ್ಕೆ ಸ್ಥಳಾಂತರಗೊಂಡಿದ್ದ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿಯೂ ನಂತರ ಮೋಂಪೆಲಿಯೆಯಲ್ಲಿಯೂ ಬೋಧಿಸಿದರು. ಪ್ಯಾರಿಸ್‌ನ ಅವರ ಮನೆಯನ್ನು ಜರ್ಮನ್ನರು ಆಕ್ರಮಿಸಿಕೊಂಡು ಗ್ರಂಥಾಲಯವನ್ನು ದೋಚಿದರು. ನ್ಯೂಯಾರ್ಕ್‌ನ ಸಂಸ್ಥೆಯೊಂದು ಹುದ್ದೆ ನೀಡಲು ಮುಂದೆ ಬಂದರೂ ಕುಟುಂಬದ ಎಲ್ಲರಿಗೂ ಸಕಾಲದಲ್ಲಿ ಪ್ರವೇಶಪತ್ರ ದೊರೆಯದೆ ಆ ದಾರಿ ಮುಚ್ಚಿತು.

ಪತ್ರಿಕೆಯ ಕಚೇರಿ ಇದ್ದುದು ಜರ್ಮನ್ ಆಡಳಿತದ ಪ್ಯಾರಿಸ್‌ನಲ್ಲಿ. ಯೆಹೂದಿ ಒಡೆತನದ ಉದ್ಯಮಗಳನ್ನು ಮುಟ್ಟುಗೋಲು ಹಾಕಿಕೊಳ್ಳುವ ಆದೇಶಗಳು ಅಲ್ಲಿ ಜಾರಿಯಲ್ಲಿದ್ದವು. ಬ್ಲಾಕ್ ಸಹ ಒಡೆಯರಾಗಿರುವವರೆಗೆ ಪತ್ರಿಕೆಗೆ ಅಪಾಯವಿತ್ತು. 1941ರ ವಸಂತದಲ್ಲಿ ಫೆವ್ರ್, ಬ್ಲಾಕ್ ತಮ್ಮ ಒಡೆತನವನ್ನೂ ಮುಖಪುಟದ ಹೆಸರನ್ನೂ ಬಿಟ್ಟುಕೊಡಬೇಕೆಂದು ಪತ್ರ ಬರೆದರು. ಪತ್ರಿಕೆ ಉಳಿಯುವುದೇ ಫ್ರೆಂಚ್ ವಿದ್ವತ್ತಿಗೆ ಸಲ್ಲಿಸುವ ಸೇವೆ, ಅದು ನಿಂತರೆ ಶತ್ರುವಿಗೇ ಗೆಲುವು ಎಂಬುದು ಅವರ ವಾದ. ಬ್ಲಾಕ್ ಮೊದಲು ನಿರಾಕರಿಸಿದರು. ಅವರ ದೃಷ್ಟಿಯಲ್ಲಿ ಹೆಸರನ್ನು ತೆಗೆಯುವುದು ಅನ್ಯಾಯದ ಕಾನೂನಿಗೆ ತಲೆಬಾಗಿದಂತೆ. ಪತ್ರಿಕೆಯನ್ನು ದಕ್ಷಿಣಕ್ಕೆ ಸ್ಥಳಾಂತರಿಸಬಹುದು, ಇಲ್ಲವೇ ತಾತ್ಕಾಲಿಕವಾಗಿ ನಿಲ್ಲಿಸಬಹುದು ಎಂದು ಅವರು ಸೂಚಿಸಿದರು. ಹಲವು ವಾರಗಳ ನೋವಿನ ಪತ್ರವ್ಯವಹಾರದ ನಂತರ ಮೇ ತಿಂಗಳಲ್ಲಿ ಒಪ್ಪಿಗೆ ನೀಡಿದರು.

ಅದೇ ಮೇ ತಿಂಗಳಲ್ಲಿ ಬ್ಲಾಕ್ ತಾವು ಬರೆಯುತ್ತಿದ್ದ ಇತಿಹಾಸಕಾರನ ಕಸುಬಿನ ಕುರಿತ ಪುಸ್ತಕವನ್ನು ಫೆವ್ರ್ ಅವರಿಗೆ ಅರ್ಪಿಸಿ ಅರ್ಪಣಾ ಪತ್ರವನ್ನು ಬರೆದಿಟ್ಟರು. ಇತಿಹಾಸದಿಂದ ಏನು ಪ್ರಯೋಜನ ಎಂದು ಹುಡುಗನೊಬ್ಬ ತಂದೆಯನ್ನು ಕೇಳುವ ಪ್ರಶ್ನೆಯಿಂದ ಆರಂಭವಾಗುವ ಈ ಪುಸ್ತಕ ಪೂರ್ಣಗೊಳ್ಳಲಿಲ್ಲ.

ಅಲ್ಲಿಂದ ಮುಂದೆ ಪತ್ರಿಕೆ ಫೆವ್ರ್ ಒಬ್ಬರ ಹೆಸರಿನಲ್ಲಿ ಹೊರಬಂದಿತು. 1942ರಿಂದ 1944ರವರೆಗೆ ನಿಯತಕಾಲಿಕಗಳ ಮೇಲಿನ ನಿಯಂತ್ರಣದಿಂದ ಪಾರಾಗಲು 'ಸಾಮಾಜಿಕ ಇತಿಹಾಸದ ಸಂಕಲನಗಳು' ಎಂಬರ್ಥದ ಶೀರ್ಷಿಕೆಯಲ್ಲಿ ಬಿಡಿ ಸಂಪುಟಗಳಾಗಿ ಪ್ರಕಟವಾಯಿತು. ಬ್ಲಾಕ್ ಬರೆಯುವುದನ್ನು ನಿಲ್ಲಿಸಲಿಲ್ಲ. ತಮ್ಮ ಹಳ್ಳಿಯ ಹೆಸರನ್ನೇ ಗುಪ್ತನಾಮವಾಗಿಸಿಕೊಂಡು ಫೂಜೇರ್ ಎಂಬ ಸಹಿಯಲ್ಲಿ ಲೇಖನ ಮತ್ತು ವಿಮರ್ಶೆಗಳನ್ನು ಕಳುಹಿಸುತ್ತಿದ್ದರು. ಫೆವ್ರ್ ಅವರ ನಿರ್ಧಾರ ವಿವೇಕದ್ದೋ ರಾಜಿಯದ್ದೋ ಎಂಬ ವಿಚಾರದಲ್ಲಿ ನಂತರದ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಬ್ಲಾಕ್ ಅವರ ಬರಹಗಳು ಓದುಗರನ್ನು ತಲುಪಲು ಆ ಪತ್ರಿಕೆಯೇ ದಾರಿಯಾಯಿತು ಎಂದು ಒಂದು ಪಕ್ಷ ಹೇಳಿದರೆ, ಸಹಸ್ಥಾಪಕನ ಹೆಸರನ್ನೇ ಅಳಿಸಿ ಪಡೆದ ಉಳಿವಿನ ಬೆಲೆ ದೊಡ್ಡದು ಎಂದು ಇನ್ನೊಂದು ಪಕ್ಷ ಹೇಳುತ್ತದೆ.

ಪ್ರತಿರೋಧ ಚಳವಳಿ ಮತ್ತು ಮರಣ

1942ರ ನವೆಂಬರ್‌ನಲ್ಲಿ ಜರ್ಮನ್ ಸೇನೆ ದಕ್ಷಿಣ ಫ್ರಾನ್ಸನ್ನೂ ಆಕ್ರಮಿಸಿದಾಗ ಬ್ಲಾಕ್ ಮೋಂಪೆಲಿಯೆಯನ್ನು ತೊರೆದರು. ಅನಂತರ ಹುಟ್ಟೂರಾದ ಲಿಯಾನ್‌ನಲ್ಲಿ 'ಫ್ರಾಂ ತಿರರ್' ಎಂಬ ಪ್ರತಿರೋಧ ಸಂಘಟನೆಗೆ ಸೇರಿದರು. ಐವತ್ತು ದಾಟಿದ್ದ ಪ್ರಾಧ್ಯಾಪಕರು ತಮಗಿಂತ ಬಹಳ ಕಿರಿಯರ ಜೊತೆ ಸಂದೇಶ ಸಾಗಿಸುವ, ಗುಪ್ತ ಪತ್ರಿಕೆಗಳನ್ನು ಹಂಚುವ ಕೆಲಸದಿಂದ ಆರಂಭಿಸಿ ಪ್ರದೇಶದ ಸಂಯುಕ್ತ ಪ್ರತಿರೋಧ ಸಂಘಟನೆಯ ನಾಯಕರಲ್ಲಿ ಒಬ್ಬರಾದರು. ಅವರ ಗುಪ್ತನಾಮಗಳಲ್ಲಿ ನಾರ್ಬೋನ್ ಎಂಬುದೂ ಒಂದು. ಯುದ್ಧಾನಂತರದ ಫ್ರಾನ್ಸಿನ ಸ್ವರೂಪವನ್ನು ಚರ್ಚಿಸುತ್ತಿದ್ದ 'ಕಾಯೇ ಪೊಲಿತೀಕ್' ಎಂಬ ಗುಪ್ತ ಪತ್ರಿಕೆಯ ಸಂಪಾದನೆಯಲ್ಲೂ ತೊಡಗಿದರು. ಸ್ವಂತ ಪತ್ರಿಕೆಯಲ್ಲಿ ಹೆಸರು ಹಾಕಲಾಗದ ಸಂಪಾದಕರು ಹೀಗೆ ಯಾರ ಹೆಸರೂ ಇಲ್ಲದ ಪತ್ರಿಕೆಗಾಗಿ ದುಡಿದರು.

1944ರ ಮಾರ್ಚ್ 8ರಂದು ಲಿಯಾನ್‌ನ ಸೇತುವೆಯೊಂದರ ಮೇಲೆ ಜರ್ಮನ್ ರಹಸ್ಯ ಪೊಲೀಸರು ಅವರನ್ನು ಬಂಧಿಸಿದರು. ಮೊಂಲ್ಯೂಕ್ ಸೆರೆಮನೆಯಲ್ಲಿ ಅವರಿಗೆ ತೀವ್ರ ಚಿತ್ರಹಿಂಸೆ ನೀಡಲಾಯಿತು. ಮಿತ್ರಪಡೆಗಳು ನಾರ್ಮಂಡಿ ತೀರದಲ್ಲಿ ಇಳಿದ ಹತ್ತು ದಿನಗಳ ನಂತರ, ಜೂನ್ 16ರ ರಾತ್ರಿ, ಅವರನ್ನೂ ಇತರ ಕೈದಿಗಳನ್ನೂ ಲಿಯಾನ್‌ನ ಉತ್ತರಕ್ಕಿರುವ ಸೇಂ ದಿದಿಯೆ ದ ಫೋರ್ಮಾಂ ಹಳ್ಳಿಯ ಬಳಿಯ ಹೊಲವೊಂದಕ್ಕೆ ಒಯ್ದು ಗುಂಡಿಕ್ಕಿ ಕೊಲ್ಲಲಾಯಿತು. ಗಾಯಗೊಂಡ ಇಬ್ಬರು ಮಾತ್ರ ಬದುಕುಳಿದರು. ಪತ್ನಿ ಸಿಮೋನ್ ಜುಲೈ 2ರಂದು ಕ್ಯಾನ್ಸರ್‌ನಿಂದ ನಿಧನರಾದರು. ಬ್ಲಾಕ್ ಅವರ ಮರಣ ಖಚಿತವಾದದ್ದು ತಿಂಗಳುಗಳ ನಂತರ. ಪತ್ರಿಕೆಯ ಸಂಪಾದಕ ಮಂಡಳಿಯಲ್ಲಿದ್ದ ಹಾಲ್ಬ್‌ವಾಕ್ಸ್ ಕೂಡ 1945ರ ಮಾರ್ಚ್‌ನಲ್ಲಿ ಬೂಕೆನ್‌ವಾಲ್ಡ್ ಸೆರೆಶಿಬಿರದಲ್ಲಿ ಮೃತಪಟ್ಟರು.

1941ರಲ್ಲಿ ಬರೆದ ಉಯಿಲಿನಲ್ಲಿ ಬ್ಲಾಕ್ ತಾವು ಯೆಹೂದಿಯಾಗಿ ಹುಟ್ಟಿದವರು, ಅದನ್ನು ಎಂದೂ ಅಲ್ಲಗಳೆದವರಲ್ಲ, ಆದರೆ ಎಲ್ಲಕ್ಕಿಂತ ಮೊದಲು ಫ್ರೆಂಚ್ ಪ್ರಜೆ ಎಂದು ತಿಳಿಸಿದ್ದರು. ಅಂತ್ಯಕ್ರಿಯೆಯಲ್ಲಿ ಧಾರ್ಮಿಕ ಪ್ರಾರ್ಥನೆ ಬೇಡವೆಂದೂ, ತಾವು ಸತ್ಯವನ್ನು ಪ್ರೀತಿಸಿದವರು ಎಂಬ ಅರ್ಥದ ಎರಡು ಲ್ಯಾಟಿನ್ ಪದಗಳನ್ನು ಸಮಾಧಿಯ ಮೇಲೆ ಕೆತ್ತಬೇಕೆಂದೂ ಕೋರಿದ್ದರು.

ಪ್ರಮುಖ ಕೃತಿಗಳು

ರಾಜರು ಮತ್ತು ಭೂದಾಸರು (1920)
ಪವಾಡಶಕ್ತಿಯ ರಾಜರು (1924)
ಫ್ರಾನ್ಸಿನ ಗ್ರಾಮೀಣ ಇತಿಹಾಸದ ಮೂಲಲಕ್ಷಣ‌ಗಳು (1931)
ಊಳಿಗಮಾನ್ಯ ಸಮಾಜ (ಎರಡು ಸಂಪುಟಗಳು, 1939–40)
ವಿಚಿತ್ರ ಸೋಲು (ಮರಣಾನಂತರ, 1946)
ಇತಿಹಾಸಕಾರನ ಕಸುಬು (ಮರಣಾನಂತರ, 1949)

ಪ್ರಭಾವ ಮತ್ತು ಸ್ಮರಣೆ

ಯುದ್ಧಾನಂತರ ಫೆವ್ರ್ 1946ರಲ್ಲಿ ಪತ್ರಿಕೆಗೆ 'ಅನಾಲ್: ಅರ್ಥವ್ಯವಸ್ಥೆಗಳು, ಸಮಾಜಗಳು, ನಾಗರಿಕತೆಗಳು' ಎಂಬ ಹೊಸ ಹೆಸರಿಟ್ಟರು. ಗೆಳೆಯನ ಅಪೂರ್ಣ ಪುಸ್ತಕವನ್ನು ಸಂಪಾದಿಸಿ 1949ರಲ್ಲಿ ಪ್ರಕಟಿಸಿದರು. ಫೆವ್ರ್ 1956ರಲ್ಲಿ ನಿಧನರಾದ ಮೇಲೆ ಫರ್ನಾಂಡ್ ಬ್ರೊಡೆಲ್ ಪತ್ರಿಕೆಯ ನೇತೃತ್ವ ವಹಿಸಿದರು. 1994ರಿಂದ ಅದು 'ಅನಾಲ್: ಇತಿಹಾಸ, ಸಮಾಜವಿಜ್ಞಾನಗಳು' ಎಂಬರ್ಥದ ಹೆಸರಿನಲ್ಲಿ ಪ್ರಕಟವಾಗುತ್ತಿದೆ.

ಅನಾಲ್ ತೋರಿದ ಹಾದಿ ಇತರ ದೇಶಗಳ ವಿದ್ವತ್ಪತ್ರಿಕೆಗಳಿಗೂ ಪ್ರೇರಣೆಯಾಯಿತು. ಬ್ರಿಟನ್ನಿನಲ್ಲಿ 1952ರಲ್ಲಿ ಆರಂಭವಾದ 'ಪಾಸ್ಟ್ ಅಂಡ್ ಪ್ರೆಸೆಂಟ್' ಪತ್ರಿಕೆಯ ಸಂಪಾದಕರು ತಮ್ಮ ಮೊದಲ ಸಂಚಿಕೆಯಲ್ಲೇ ಬ್ಲಾಕ್ ಮತ್ತು ಫೆವ್ರ್ ಅವರ ಪರಂಪರೆಯನ್ನು ಸ್ಮರಿಸಿದರು. ಅಮೆರಿಕದಲ್ಲಿ 1967ರಲ್ಲಿ 'ಜರ್ನಲ್ ಆಫ್ ಸೋಷಿಯಲ್ ಹಿಸ್ಟರಿ' ಆರಂಭವಾಯಿತು. ಭಾರತದಲ್ಲಿ ಆರ್ಥಿಕ ಮತ್ತು ಸಾಮಾಜಿಕ ಇತಿಹಾಸಕ್ಕೆ ಮೀಸಲಾದ 'ಇಂಡಿಯನ್ ಎಕನಾಮಿಕ್ ಅಂಡ್ ಸೋಷಿಯಲ್ ಹಿಸ್ಟರಿ ರಿವ್ಯೂ' 1963ರಿಂದ ದೆಹಲಿಯಿಂದ ಹೊರಬರುತ್ತಿದೆ. 'ಊಳಿಗಮಾನ್ಯ ಸಮಾಜ' ಗ್ರಂಥದ ಇಂಗ್ಲಿಷ್ ಅನುವಾದ 1961ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ಊಳಿಗಮಾನ್ಯ ಪದ್ಧತಿ ಇತ್ತೇ ಎಂಬ ವಿಚಾರವಾಗಿ ಆರ್. ಎಸ್. ಶರ್ಮ, ಹರ್ಬನ್ಸ್ ಮುಖಿಯಾ ಮೊದಲಾದವರ ನಡುವೆ ನಡೆದ ಚರ್ಚೆಯಲ್ಲಿ ಯೂರೋಪಿನೊಡನೆ ಹೋಲಿಕೆಗೆ ಬ್ಲಾಕ್ ಅವರ ವಿವರಣೆ ಬಳಕೆಯಾಯಿತು. ಮುಖಿಯಾ ಅವರು ಮೊರೀಸ್ ಎಮಾರ್ ಅವರೊಂದಿಗೆ ಸೇರಿ ಫ್ರೆಂಚ್ ಇತಿಹಾಸಕಾರರ ಲೇಖನಗಳನ್ನು ಇಂಗ್ಲಿಷಿನಲ್ಲಿ ಎರಡು ಸಂಪುಟಗಳಾಗಿ ಭಾರತದಲ್ಲಿ ಪ್ರಕಟಿಸಿದರು.

ಸ್ಟ್ರಾಸ್‌ಬರ್ಗ್‌ನ ವಿಶ್ವವಿದ್ಯಾಲಯವೊಂದು 1998ರಿಂದ 2008ರವರೆಗೆ ಮಾರ್ಕ್ ಬ್ಲಾಕ್ ಅವರ ಹೆಸರನ್ನು ಹೊಂದಿತ್ತು. ಬರ್ಲಿನ್‌ನಲ್ಲಿ ಫ್ರಾನ್ಸ್ ಮತ್ತು ಜರ್ಮನಿ ಜಂಟಿಯಾಗಿ ನಡೆಸುವ ಸಮಾಜವಿಜ್ಞಾನ ಸಂಶೋಧನಾ ಕೇಂದ್ರಕ್ಕೂ ಅವರ ಹೆಸರಿದೆ. ಫ್ರಾನ್ಸಿನ ಮಹನೀಯರಿಗೆ ಮೀಸಲಾದ ಪ್ಯಾರಿಸ್‌ನ ಪ್ಯಾಂಥಿಯನ್ ಸ್ಮಾರಕದಲ್ಲಿ ಬ್ಲಾಕ್ ಅವರಿಗೆ ಸ್ಥಾನ ನೀಡುವ ನಿರ್ಧಾರವನ್ನು ಅಧ್ಯಕ್ಷ ಎಮ್ಯಾನುಯೆಲ್ ಮ್ಯಾಕ್ರೋನ್ 2024ರ ನವೆಂಬರ್ 23ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ಪ್ರಕಟಿಸಿದರು.